ಸುತ್ತ ಸಮುದ್ರ, ಒಂದು ಭೂತಾಯಿ ಇಲ್ಲ: ಕವರತ್ತಿಯಲ್ಲಿ ನಮ್ಮ ಎರಡೂವರೆ ವರ್ಷ

 

2024ರ ಜನವರಿ ನೆನಪುಂಟಾ? ಪ್ರಧಾನಿ ಲಕ್ಷದ್ವೀಪಕ್ಕೆ ಹೋದರು, ಬೀಚಿನ ಫೋಟೋ, ಸ್ನಾರ್ಕೆಲಿಂಗ್ ಫೋಟೋ ಹಾಕಿದರು. ಆಮೇಲೆ ಒಂದು ವಾರ ಎಲ್ಲರ ಫೋನಲ್ಲೂ ಅದೇ ನೀಲಿ ನೀರು. ಆ ವಾರ ನನಗೆ ಹದಿನೈದು ಇಪ್ಪತ್ತು ಮೆಸೇಜ್ ಬಂತು. "ಲಕ್ಕಿ ಮಾರಾಯ್ತಿ ನೀನು, ಸ್ವರ್ಗದಲ್ಲಿ ಇದ್ದೀಯ." ನಾನು ಆಗ ಕವರತ್ತಿಯ ಕ್ವಾರ್ಟರ್ಸಿನಲ್ಲಿ ಕೂತು, ಕೊನೆಯ ಎರಡು ನೀರುಳ್ಳಿಯಲ್ಲಿ ಒಂದನ್ನು ಸಾರಿಗೆ ಹಾಕುವುದಾ, ನಾಳೆಗೆ ಇಡುವುದಾ ಅಂತ ಯೋಚನೆ ಮಾಡ್ತಾ ಇದ್ದೆ. ಹಡಗು ತಡ ಆಗಿತ್ತು.

ನೀಲಿ ನೀರು ಸುಳ್ಳಲ್ಲ. ಆದ್ರೆ ಮೂರು ದಿನ ಇರುವುದು ಬೇರೆ, ಮಗು, ಅತ್ತೆ, ಗ್ಯಾಸ್ ಸಿಲಿಂಡರ್ ಎಲ್ಲ ಕಟ್ಟಿಕೊಂಡು ಸಂಸಾರ ಮಾಡುವುದು ಬೇರೆ.

ನನ್ನ ಗಂಡನದ್ದು ಕೇಂದ್ರ ಸರ್ಕಾರದ ಕೆಲಸ. 2021ರ ಕೊನೆಗೆ ಕವರತ್ತಿಗೆ ವರ್ಗ ಆಯ್ತು. ನಾನು ಮಂಗಳೂರಿನಲ್ಲಿ ಮಾಡ್ತಿದ್ದ ಕೆಲಸ ಬಿಟ್ಟೆ. ಮಗಳಿಗೆ ನಾಲ್ಕು ವರ್ಷ. ಅತ್ತೆ, ಅಂದ್ರೆ ನಾನು ಮಾಮಿ ಅಂತ ಕರೆಯುವವರು, ಊರಲ್ಲಿ ಒಬ್ಬರೇ ಇರುವ ಹಾಗಿರಲಿಲ್ಲ. ಅವರಿಗೂ ಪರ್ಮಿಟ್ ಮಾಡಿಸಿ, ಕೊಚ್ಚಿಯಲ್ಲಿ ಹಡಗು ಹತ್ತಿದೆವು. ಒಂದು ರಾತ್ರಿಯ ಪ್ರಯಾಣ. ನಾನೂ ಮಗಳೂ ವಾಂತಿ. ಅರವತ್ತಾರು ವರ್ಷದ ಮಾಮಿ ಮಾತ್ರ ಆರಾಮ ಕೂತು ಪುಳಿಯೋಗರೆ ತಿಂದರು.

ಕವರತ್ತಿ ಅಂದ್ರೆ ಸುಮಾರು ನಾಲ್ಕು ಚದರ ಕಿಲೋಮೀಟರ್. ಅಷ್ಟೇ. 2011ರ ಜನಗಣತಿಯಲ್ಲಿ ಹನ್ನೊಂದು ಸಾವಿರ ಜನ. ಬೆಳಿಗ್ಗೆ ಸೈಕಲ್ ಹತ್ತಿದರೆ ಪಶ್ಚಿಮದ ಲಗೂನ್ ನೋಡಿ, ಪೂರ್ವದ ಜೆಟ್ಟಿ ನೋಡಿ, ಮನೆಗೆ ಬಂದು ಚಾ ಮಾಡಬಹುದು. ಮೊದಲ ತಿಂಗಳು ಇದು ಖುಷಿ. ಮೂರನೇ ತಿಂಗಳು ರಸ್ತೆ ಮುಗಿಯುತ್ತದಲ್ಲ ಅಂತ ಸಿಟ್ಟು ಬರ್ತದೆ.

ಮಾಮಿಯ ದೊಡ್ಡ ದೂರು ಮೀನಿನದ್ದು. ಅಲ್ಲಿ ಟ್ಯೂನಾ ರಾಜ. ಚೂರ ಅಂತಾರೆ. ದೋಣಿಯಲ್ಲಿ ಸಾಲಾಗಿ ನಿಂತು, ಜೀವಂತ ಸಣ್ಣ ಮೀನು ಎಸೆದು, ಉದ್ದದ ಕೋಲಿನ ಗಾಳದಲ್ಲಿ ಒಂದೊಂದೇ ಎಳೆದು ಹಾಕ್ತಾರೆ. ಬಲೆ ಇಲ್ಲ. ನೋಡ್ಲಿಕ್ಕೆ ಚಂದ. ಆದ್ರೆ ದಿನಾ ಚೂರ ತಿಂದು ಮಾಮಿಗೆ ಸಾಕಾಯ್ತು. "ಎಂತ ಸಮುದ್ರ ಇದು? ಸುತ್ತ ಇಷ್ಟು ನೀರುಂಟು, ಒಂದು ಭೂತಾಯಿ ಇಲ್ಲ, ಒಂದು ಬಂಗುಡೆ ಇಲ್ಲ!" ಅಂತ ಬೈತಿದ್ದರು. ಅವು ಕರಾವಳಿಗೆ ಹತ್ತಿರ ಇರುವ ಮೀನುಗಳು, ಇದು ನಡುಗಡಲು ಅಂತ ನನ್ನ ಗಂಡ ವಿವರಿಸಿದರೆ, "ನೀನು ಸುಮ್ಮನಿರು" ಅಂತಿದ್ದರು.

ಅವರಿಗೆ ಸಮಾಧಾನ ಆದದ್ದು ಜೀಗುಜ್ಜೆಯಿಂದ. ಪಕ್ಕದ ಮನೆಯ ಹಿತ್ತಿಲಲ್ಲಿ ದೊಡ್ಡ ಮರ. ನಮ್ಮಲ್ಲಿ ಅದಕ್ಕೆ ದೀವಿ ಹಲಸು ಅಂತಲೂ ಹೇಳ್ತಾರಲ್ಲ, ದೀವಿ ಅಂದ್ರೆ ದ್ವೀಪವೇ. ನಲವತ್ತು ವರ್ಷ ಪೋಡಿ ಮಾಡಿದ ಮಾಮಿಗೆ ಆ ಹೆಸರಿನ ಅರ್ಥ ಗೊತ್ತಾದದ್ದು ಕವರತ್ತಿಯಲ್ಲಿ. ಅವರು ಪೋಡಿ ಕರಿದು ಪಕ್ಕದ ಮನೆಗೆ ಕೊಟ್ಟರು, ಅಲ್ಲಿಂದ ತೆಂಗಿನಕಾಯಿಯ ಸಿಹಿ ಬಂತು. ಅಲ್ಲಿಂದ ಶುರು.

ಮಾಮಿ ಮಂಜೇಶ್ವರ ಕಡೆಯವರು, ಮಲಯಾಳಂ ಬರ್ತದೆ. ಆದ್ರೆ ದ್ವೀಪದ ಜೆಸರಿ ಬೇರೆಯೇ ರುಚಿ. ಪೆಣ್ಣ್ ಅನ್ನುವುದು ಅಲ್ಲಿ ಫೆಣ್ಣ್. ಮಾಮಿ ಎರಡು ತಿಂಗಳಲ್ಲಿ ಕಲಿತರು, ಮಗಳು ಎರಡು ವಾರದಲ್ಲಿ. ನಾನು ಇವತ್ತಿಗೂ ತಲೆ ಆಡಿಸುವುದು ಮಾತ್ರ.

ಪಕ್ಕದ ಮನೆಯಾಕೆಯನ್ನು ನಾವು ತಾತ್ತ ಅಂತ ಕರೀತಿದ್ವಿ, ಅಕ್ಕ ಅಂತ. ಅವಳಿಗೆ ನನ್ನ ಬಗ್ಗೆ ಪಾಪ ಅನಿಸ್ತಿತ್ತು. ಯಾಕೆ ಅಂತ ಒಂದು ದಿನ ಮಾಮಿ ಕೇಳಿ ಬಂದರು. "ಇವಳು ತಾಯಿಮನೆ ಬಿಟ್ಟು ಗಂಡನ ಮನೆಯಲ್ಲಿ, ಅದೂ ಗಂಡನ ತಾಯಿ ಜೊತೆ ಇದ್ದಾಳಲ್ಲ, ಇವಳಿಗೆ ಯಾರೂ ಇಲ್ವಾ?" ಅಂತ ಅವಳ ಪ್ರಶ್ನೆ! ಅಲ್ಲಿಯ ಮುಸ್ಲಿಂ ಕುಟುಂಬಗಳದ್ದು ತಾಯಿಯ ಕಡೆಯಿಂದ ಬರುವ ಪದ್ಧತಿ. ಹೆಣ್ಣು ತರವಾಡು ಮನೆ ಬಿಡುವುದಿಲ್ಲ, ಸಾಂಪ್ರದಾಯಿಕವಾಗಿ ಗಂಡನೇ ರಾತ್ರಿ ಅಲ್ಲಿಗೆ ಬರುವುದು. ಆಸ್ತಿಯಲ್ಲೂ ಎರಡು ಬಗೆ. ಹೆಣ್ಣಿನ ಸಾಲಿನಲ್ಲಿ ಇಳಿಯುವ ತರವಾಡಿನ ಆಸ್ತಿಗೆ ಶುಕ್ರವಾರದ ಆಸ್ತಿ, ಸ್ವಂತ ಸಂಪಾದನೆಗೆ ಸೋಮವಾರದ ಆಸ್ತಿ ಅಂತ ಹೆಸರು. ಮಾಮಿ ಕೂಡ್ಲೆ, "ನಮ್ಮದೂ ಅಳಿಯಕಟ್ಟು, ನಾವೇನು ಕಮ್ಮಿ?" ಅಂತ ಶುರು ಮಾಡಿದರು. ಇಬ್ಬರೂ ಒಂದು ಮಧ್ಯಾಹ್ನ ಪೂರ್ತಿ ಮಾವ, ಅಳಿಯ, ಪಾಲು ಅಂತ ಮಾತಾಡಿದರು. ಕೊನೆಗೆ ತಾತ್ತ ಕೇಳಿದ್ದು ಒಂದೇ: "ಹಾಗಾದ್ರೆ ನಿಮ್ಮ ಸೊಸೆ ಯಾಕೆ ಇಲ್ಲಿದ್ದಾಳೆ?" ಮಾಮಿ ಹತ್ತಿರ ಉತ್ತರ ಇರಲಿಲ್ಲ. ನನಗೆ ಒಳಗೊಳಗೇ ಖುಷಿ.

ತಾತ್ತನ ಮಾವ ಒಬ್ಬರು ಅಮಿನಿ ದ್ವೀಪದವರು, ವಯಸ್ಸಾದವರು. ನಾವು ಮಂಗಳೂರು ಕಡೆ ಅಂತ ಗೊತ್ತಾದ ದಿನ ಎದ್ದು ನಿಂತರು. "ನಿಮ್ಮ ಕಲೆಕ್ಟರೇ ಒಂದು ಕಾಲಕ್ಕೆ ನಮ್ಮ ಕಲೆಕ್ಟರ್!" ನಿಜ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಇವೆಲ್ಲ 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವರ ತಂದೆ ಓಡದಲ್ಲಿ ಹಗ್ಗ, ತೆಂಗಿನಕಾಯಿ ಹೇರಿಕೊಂಡು ಮಂಗಳೂರು ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರಂತೆ. ನಾನು ಅದೇ ಬಂದರಿನ ಪಕ್ಕದಲ್ಲಿ ಕಾಲೇಜು ಓದಿದವಳು, ಈ ಕಥೆ ನನಗೆ ಯಾರೂ ಹೇಳಿರಲಿಲ್ಲ.

ನೀರಿನ ವಿಷಯ ಹೇಳಬೇಕು. ದ್ವೀಪದ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡು ಇರ್ತದೆ. ಪಂಪ್ ಹಾಕಿ ಜಾಸ್ತಿ ಎಳೆದರೆ ಬಾವಿಯೇ ಉಪ್ಪಾಗ್ತದೆ. ಕುಡಿಯಲಿಕ್ಕೆ ಸಮುದ್ರದ್ದೇ ನೀರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಇಲ್ಲಿ ಒಂದು ಘಟಕ ಕಟ್ಟಿತು. ಮೇಲಿನ ಬೆಚ್ಚಗಿನ ಸಮುದ್ರದ ನೀರನ್ನು ಒತ್ತಡ ತೀರ ಕಡಿಮೆ ಇರುವ ಟ್ಯಾಂಕಿಗೆ ಬಿಡ್ತಾರೆ, ಒಲೆ ಹಚ್ಚದೆಯೇ ಅದು ಆವಿಯಾಗ್ತದೆ. ಆ ಆವಿಯನ್ನು ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣನೆಯ ನೀರಿನಿಂದ ತಂಪು ಮಾಡಿದರೆ ಸಿಹಿನೀರು. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯ. ಲೆಕ್ಕ ಹಾಕಿ, ಒಬ್ಬೊಬ್ಬರಿಗೆ ಒಂಬತ್ತು ಲೀಟರ್. ಮಗಳು ಈಗಲೂ ಹಲ್ಲುಜ್ಜುವಾಗ ನಲ್ಲಿ ಬಿಟ್ಟು ನಿಲ್ಲುವುದಿಲ್ಲ.

ಈಗ ನಾನು ಹೇಳಲಿಕ್ಕೆ ಬಂದ ವಿಷಯ.

2022ರ ಜೂನ್. ಮಳೆಗಾಲ. ಆ ತಿಂಗಳುಗಳಲ್ಲಿ ಹಡಗು ಕಡಿಮೆ, ದ್ವೀಪದಿಂದ ದ್ವೀಪಕ್ಕೆ ಓಡುವ ವೇಗದ ಬೋಟು ಇಲ್ಲ. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ, ಅಲ್ಲಿಗೆ ಹೋಗ್ಲಿಕ್ಕೂ ಕಡಲು ದಾಟಬೇಕು. ಹೆಲಿಕಾಪ್ಟರ್ ಮೊದಲು ರೋಗಿಗಳಿಗೆ, ಹಾಗೇ ಇರಬೇಕು ಕೂಡ.

ಬೆಳಗ್ಗಿನ ಜಾವ ಪುತ್ತೂರಿನಿಂದ ತಮ್ಮನ ಫೋನ್. ಅಪ್ಪ ರಾತ್ರಿ ಮಲಗಿದವರು ಏಳಲಿಲ್ಲ.

ನಾನು ಬ್ಯಾಗ್ ತುಂಬಿಸಿದೆ. ನನ್ನ ಗಂಡ ಜೆಟ್ಟಿಗೆ ಹೋಗಿ ಬಂದು ಬಾಗಿಲಲ್ಲೇ ನಿಂತರು. ಅವರ ಮುಖ ನೋಡಿಯೇ ಗೊತ್ತಾಯ್ತು. ಮಧ್ಯಾಹ್ನ ತಮ್ಮ ವಿಡಿಯೋ ಕಾಲ್ ಮಾಡಿದ. ಆಗ ಅಲ್ಲಿ ಇಂಟರ್ನೆಟ್ ಉಪಗ್ರಹದ ಮೂಲಕ ಮಾತ್ರ. ಅಪ್ಪನ ಮುಖ ಚೌಕ ಚೌಕ ಆಗಿ ಬಂತು, ನಿಂತಿತು, ಹೋಯ್ತು. ಮತ್ತೆ ಹಚ್ಚಿದರೆ ಯಾರದ್ದೋ ಕಾಲು, ಅಂಗಳ, ಮಳೆಯ ಸದ್ದು. ಮೂರನೇ ಸಲ ಸಿಗಲೇ ಇಲ್ಲ. ಆಮೇಲೆ ತಮ್ಮ ಮೆಸೇಜ್ ಹಾಕಿದ: "ಆಯ್ತು ಅಕ್ಕ."

ತಾತ್ತ ಮತ್ತು ಅವಳ ಮನೆಯ ಹೆಂಗಸರು ಬಂದು ಗೋಡೆಗೊರಗಿ ಕೂತರು. ಯಾರೂ ಮಾತಾಡಲಿಲ್ಲ. ಮೂರು ದಿನ ನಮ್ಮ ಒಲೆ ಹಚ್ಚಲಿಕ್ಕೆ ಬಿಡಲಿಲ್ಲ.

ಎರಡನೇ ರಾತ್ರಿ ನಾನು ಗಂಡನಿಗೆ ಹೇಳಿದೆ. ಮೆಲ್ಲ ಹೇಳಿದ್ದೇನೂ ಅಲ್ಲ. "ನಿಮ್ಮ ಅಮ್ಮ ನಿಮ್ಮ ಜೊತೆ ಇದ್ದಾರೆ. ನನ್ನ ಅಪ್ಪನಿಗೆ ನಾನು ಒಂದು ತೊಟ್ಟು ನೀರು ಬಿಡಲಿಕ್ಕೂ ಇರಲಿಲ್ಲ." ಅವರು ಏನೂ ಹೇಳಲಿಲ್ಲ. ಗೋಡೆ ತೆಳು, ಮಾಮಿ ಕೇಳಿಸಿಕೊಂಡರು. ಬೆಳಿಗ್ಗೆ ಚಾ ತಂದು ಕೊಟ್ಟು ಹೇಳಿದರು: "ನೀನು ನಿನ್ನೆ ಹೇಳಿದ್ದು ಸರಿ. ನಿನ್ನನ್ನು ಕಡಲು ದಾಟಿಸಿದ್ದು ನಾವು. ನನ್ನ ಅಮ್ಮ ಹೋದಾಗ ನಾನು ಎರಡು ಬಸ್ಸು ದೂರದಲ್ಲಿದ್ದೆ, ಆದರೂ ನನ್ನನ್ನು ಕಳಿಸಲಿಲ್ಲ. ನಿನಗೆ ಹಡಗಾದ್ರೂ ಇಲ್ಲ." ಹನ್ನೆರಡು ವರ್ಷದಲ್ಲಿ ಅವರು ನನಗೆ ಆ ಮಾತು ಹೇಳಿರಲಿಲ್ಲ.

ಐದನೇ ದಿನ ಹಡಗು ಸಿಕ್ಕಿತು. ಕೊಚ್ಚಿಗೆ ಇಳಿದು, ರೈಲು ಹಿಡಿದು, ಏಳನೇ ದಿನ ಮನೆ ಮುಟ್ಟಿದೆ. ಬೊಜ್ಜಕ್ಕೆ ಇದ್ದೆ. ಅಪ್ಪನ ಚಪ್ಪಲಿ ಇನ್ನೂ ಜಗಲಿಯಲ್ಲೇ ಇತ್ತು, ಯಾರೂ ತೆಗೆದಿರಲಿಲ್ಲ.

ವಾಪಸು ಹೋಗುವುದಿಲ್ಲ ಅಂತ ಒಂದು ತಿಂಗಳು ಕೂತೆ. ಮಗಳು ಅಲ್ಲಿದ್ದಳು. ಹೋದೆ. ಮರುವರ್ಷ ಮೇ ತಿಂಗಳಲ್ಲೇ, ಕಡಲು ಕೆಡುವ ಮೊದಲು, ಮಗಳನ್ನು ಕರ್ಕೊಂಡು ಅಮ್ಮನ ಹತ್ತಿರ ಬಂದು ಒಂದೂವರೆ ತಿಂಗಳು ಇದ್ದೆ. ಶಾಲೆ ತಪ್ಪಿತು. ತಪ್ಪಲಿ. ಕವರತ್ತಿಯಲ್ಲಿ ಅಷ್ಟು ದಿನ ಗಂಡ ಮತ್ತು ಮಾಮಿ ಇಬ್ಬರೇ, ಚೂರ ತಿಂದುಕೊಂಡು.

ಸ್ವರ್ಗ ಅಂತ ಮೆಸೇಜ್ ಬಂತು ಅಂದೆನಲ್ಲ, ಅದೇ ಭೇಟಿಯಲ್ಲಿ, 2024ರ ಜನವರಿ 3ಕ್ಕೆ, ಕೊಚ್ಚಿಯಿಂದ ಸಮುದ್ರದಡಿಯಲ್ಲಿ ಹಾಕಿದ ಫೈಬರ್ ಕೇಬಲ್ ಉದ್ಘಾಟನೆ ಆಯ್ತು. ಹನ್ನೊಂದು ದ್ವೀಪಕ್ಕೆ. ರೀಲ್ಸಿನಲ್ಲಿ ಅದು ಯಾರಿಗೂ ಕಾಣಲಿಲ್ಲ. ನಮ್ಮ ಮನೆಗೆ ಲೈನ್ ಬಂದ ದಿನ ನಾನು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಎಷ್ಟು ಸ್ಪಷ್ಟ ಅಂದ್ರೆ, ಹಿಂದೆ ಗೋಡೆಯಲ್ಲಿ ಅಪ್ಪನ ಫೋಟೋಕ್ಕೆ ಹಾಕಿದ ಹೂ ಬಾಡಿದ್ದು ಕಾಣ್ತಿತ್ತು. ಅಪ್ಪ ಹೋಗಿ ಒಂದೂವರೆ ವರ್ಷ ಆಗಿತ್ತು.

ಮೇ ತಿಂಗಳಲ್ಲಿ ವರ್ಗ ಆಗಿ ಊರಿಗೆ ಬಂದೆವು. ಲಕ್ಷದ್ವೀಪದಲ್ಲಿ ನಾಯಿ ಇಲ್ಲ, ಗೊತ್ತುಂಟಾ? ನಾಲ್ಕರಿಂದ ಏಳು ವರ್ಷದ ತನಕ ನಾಯಿಗಳ ನಡುವೆ ಬೆಳೆಯದ ನನ್ನ ಮಗಳು ಮಂಗಳೂರಿನ ಬೀದಿಯಲ್ಲಿ ನಾಯಿ ಕಂಡ ಕೂಡ್ಲೆ ನನ್ನ ಸೊಂಟ ಹತ್ತುತ್ತಾಳೆ, ಜೆಸರಿಯಲ್ಲಿ ಕಿರುಚುತ್ತಾಳೆ.

ಮಾಮಿ ವಾರಕ್ಕೊಮ್ಮೆ ತಾತ್ತನಿಗೆ ವಿಡಿಯೋ ಕಾಲ್ ಮಾಡ್ತಾರೆ. ಬಂಗುಡೆ ಗಸಿಯ ಪಾತ್ರೆಯನ್ನೇ ಕ್ಯಾಮೆರಾಕ್ಕೆ ಹಿಡಿದು ಹೊಟ್ಟೆ ಉರಿಸ್ತಾರೆ. ಆದ್ರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಹಡಗು ಬಂತಾ? ನೀರುಳ್ಳಿ ಉಂಟಾ?"