ಬೊಜ್ಜು, ಬಿಪಿ ಮತ್ತು ಒಂದು ದಪ್ಪ ಇಲಿ



ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅದಕ್ಕೆ ಕೆಲವು ತಿಂಗಳ ಮೊದಲು, 1949ರ ಬೇಸಿಗೆಯಲ್ಲಿ, ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಒಂದು ಇಲಿಮರಿ ಕಣ್ಣಿಗೆ ಬಿತ್ತು. ಅದರ ಒಡಹುಟ್ಟಿದವು ಸಾಧಾರಣವಾಗಿ ಬೆಳೆದರೆ ಇದು ಮಾತ್ರ ಹೊತ್ತುಗೊತ್ತಿಲ್ಲದೆ ತಿನ್ನುತ್ತಿತ್ತು. ಇಂಥ ಇಲಿಗಳು ಉಳಿದವುಗಳ ಮೂರು ಪಟ್ಟು ತೂಗುತ್ತವೆ. ಕಲಘಟಗಿ ತಾಲೂಕಿನ ದೇವಿಕೊಪ್ಪದ ತಾಯಂದಿರ ಬಿಪಿಗೂ ಆ ಇಲಿಗೂ ಎತ್ತಣಿಂದೆತ್ತ ಸಂಬಂಧ ಅನ್ನಿಸಬಹುದು. ಇವತ್ತಿನ ಮಾತು ಅದರ ಬಗ್ಗೆಯೇ.

ಆಗಿನ ಕಾಲಕ್ಕೆ ಬೊಜ್ಜು ಅಂದರೆ ಜೋಳ ತುಂಬಿಡುವ ಹಗೇವು ಇದ್ದ ಹಾಗೆ. ಹೆಚ್ಚಾದದ್ದನ್ನು ತುಂಬುವುದು, ಬರ ಬಂದಾಗ ತೆಗೆಯುವುದು. ತಾನಾಗಿ ಅದು ಏನೂ ಮಾಡುವುದಿಲ್ಲ ಎಂದೇ ವೈದ್ಯರೂ ತಿಳಿದಿದ್ದರು. ಈ ತಿಳಿವಳಿಕೆಯನ್ನು ಅಲುಗಾಡಿಸಿದವರು ಅದೇ ಪ್ರಯೋಗಾಲಯದ ಡಗ್ಲಸ್ ಕೋಲ್‌ಮನ್. ಅವರ ಕೈಗೆ 1960ರ ದಶಕದಲ್ಲಿ ಇನ್ನೊಂದು ತಳಿಯ ದಪ್ಪ ಇಲಿಯೂ ಸಿಕ್ಕಿತ್ತು. ಇದಕ್ಕೆ ದಪ್ಪದ ಜೊತೆ ತೀವ್ರ ಸಕ್ಕರೆ ಕಾಯಿಲೆ. ಅವರು ಮಾಡಿದ ಪ್ರಯೋಗ ಕೇಳಲು ಸ್ವಲ್ಪ ಕ್ರೂರವೇ. ಎರಡು ಇಲಿಗಳ ಪಕ್ಕೆಯ ಚರ್ಮವನ್ನು ಒಂದಕ್ಕೊಂದು ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಸಕ್ಕರೆ ಕಾಯಿಲೆಯ ಇಲಿಯನ್ನು ಸಾಧಾರಣ ಇಲಿಗೆ ಜೋಡಿಸಿದಾಗ, ಸಾಧಾರಣ ಇಲಿ ಮುಂದಿಟ್ಟ ಕಾಳು ಮುಟ್ಟದೆ ಹಸಿದೇ ಸತ್ತಿತು. ಸಕ್ಕರೆ ಕಾಯಿಲೆಯ ಇಲಿಯನ್ನೇ 1949ರ ತಳಿಯ ಇಲಿಗೆ ಜೋಡಿಸಿದರೆ, ತಿಂಡಿಪೋತ ಇಲಿಯೂ ತಿನ್ನುವುದನ್ನು ಬಿಟ್ಟಿತು. ಅಂದರೆ ‘ಸಾಕು, ಇನ್ನು ಬೇಡ’ ಎಂದು ಹೇಳುವ ಏನೋ ಒಂದು ರಕ್ತದಲ್ಲಿ ಹರಿಯುತ್ತಿದೆ. ಒಂದು ತಳಿಗೆ ಅದು ಹುಟ್ಟುವುದೇ ಇಲ್ಲ, ಇನ್ನೊಂದಕ್ಕೆ ಅದು ಬೇಕಾದಷ್ಟಿದ್ದರೂ ಮೆದುಳಿಗೆ ನಾಟುವುದಿಲ್ಲ. ಕೋಲ್‌ಮನ್ ಇದನ್ನು ಬರೆದಾಗ ನಂಬಿದವರು ಕಡಿಮೆ.

ಆ ‘ಏನೋ ಒಂದು’ ಕೈಗೆ ಸಿಕ್ಕಿದ್ದು 1994ರ ಡಿಸೆಂಬರಿನಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನ್ ಪತ್ತೆ ಮಾಡಿತು. ಬೊಜ್ಜಿನಲ್ಲೇ ಹುಟ್ಟುವ ಆ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಬೊಜ್ಜು ಕರಗಿಸುವ ಔಷಧ ಸಿಕ್ಕೇಬಿಟ್ಟಿತು ಎಂದು ಆಮ್‌ಜೆನ್ ಕಂಪನಿ ಹಕ್ಕಿಗಾಗಿ 2 ಕೋಟಿ ಡಾಲರ್ ಕೊಟ್ಟಿತು. ಸಂಭ್ರಮ ಬಹಳ ದಿನ ಉಳಿಯಲಿಲ್ಲ. 1996ರಲ್ಲಿ ಅಳೆದು ನೋಡಿದರೆ, ಮೈ ಬಂದವರ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಮೆದುಳು ಅದರ ಮಾತು ಕೇಳುತ್ತಿರಲಿಲ್ಲ, ಅಷ್ಟೆ. ‘ನಾ ಏನ್ ಅಷ್ಟ್ ತಿಂತೀನ್ರೀ ಡಾಕ್ಟ್ರೆ, ಆದ್ರೂ ಮೈ ಬರಾಕತ್ತೈತಿ’ ಎನ್ನುವ ಅಕ್ಕನನ್ನು ನೋಡಿ ನಗುವವರು ಇದನ್ನು ತಿಳಿದಿರಬೇಕು. ಹಸಿವಿನ ಲಗಾಮು ಪೂರ್ತಿ ಅವಳ ಕೈಯಲ್ಲಿಲ್ಲ.

ಈಗ ಬಿಪಿಯ ವಿಷಯ. ಹಸಿವಿನ ಮಾತಿಗೆ ಕಿವುಡಾದ ಮೆದುಳು, ‘ಬಿಪಿ ಏರಿಸು’ ಎಂಬ ಲೆಪ್ಟಿನ್ನಿನ ಇನ್ನೊಂದು ಮಾತನ್ನು ಮಾತ್ರ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ. ಲೆಪ್ಟಿನ್ ಕೊಟ್ಟಾಗ ಇಲಿಗಳ ಮೂತ್ರಪಿಂಡಕ್ಕೆ ಹೋಗುವ ನರಗಳು ಚುರುಕಾಗುವುದನ್ನು 1997ರಲ್ಲಿ ಅಮೆರಿಕದ ಅಯೋವಾದಲ್ಲಿ ಕಂಡರು. ಮರುವರ್ಷ ಮಿಸಿಸಿಪ್ಪಿಯ ತಂಡ ದಿನಗಟ್ಟಲೆ ಲೆಪ್ಟಿನ್ ಹರಿಸಿದಾಗ ಇಲಿಗಳ ಬಿಪಿಯೇ ಏರಿತು. ನನಗೆ ಇವೆರಡಕ್ಕಿಂತ ಗಟ್ಟಿ ಅನ್ನಿಸುವ ಸಾಕ್ಷಿ ಬೇರೆಯದು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಕೆಲವೇ ಕೆಲವು ಮನುಷ್ಯರಿದ್ದಾರೆ. ಅವರ ಬೊಜ್ಜು ವಿಪರೀತ. ಆದರೆ ಅಷ್ಟೇ ದಪ್ಪಗಿರುವ ಬೇರೆಯವರಿಗಿಂತ ಅವರ ಬಿಪಿ ಕಡಿಮೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಇದನ್ನು ಇಲಿ ಮತ್ತು ಮನುಷ್ಯ ಇಬ್ಬರಲ್ಲೂ ತೋರಿಸಿತು. ಬರೀ ತೂಕದ ಭಾರಕ್ಕೆ ಬಿಪಿ ಏರುತ್ತದೆ ಎಂಬ ಹಳೆಯ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆ ಯಾಕೆ? ಅಷ್ಟೇ ಬೊಜ್ಜಿರುವ ಗಂಡಸಿಗಿಂತ ಹೆಂಗಸಿನ ರಕ್ತದಲ್ಲಿ ಲೆಪ್ಟಿನ್ ಹೆಚ್ಚು. ತೊಡೆ, ಸೊಂಟದ ಚರ್ಮದಡಿಯ ಕೊಬ್ಬು ಅದನ್ನು ಹೆಚ್ಚು ಸುರಿಸುತ್ತದೆ, ಈಸ್ಟ್ರೋಜೆನ್ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಅಮೆರಿಕದ ಜಾರ್ಜಿಯಾದ ಅಗಸ್ಟಾದಲ್ಲಿ ಎರಿಕ್ ಬೆಲಿನ್ ಡಿ ಶಾಂಟೆಮೆಲ್ ತಂಡ 2015ರ ಸುಮಾರಿಗೆ ಇನ್ನೊಂದು ಸಂಗತಿ ಕಂಡಿತು. ಹೆಣ್ಣಿಲಿಗಳಲ್ಲಿ ಲೆಪ್ಟಿನ್ ನರದ ದಾರಿ ಹಿಡಿಯದೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೇ ಹೋಗಿ, ಆಲ್ಡೋಸ್ಟೆರಾನ್ ಎಂಬ ಹಾರ್ಮೋನನ್ನು ಹೊರಡಿಸುತ್ತದೆ. ಆ ಹಾರ್ಮೋನಿನ ಕೆಲಸ ಮೈಯಲ್ಲಿ ಉಪ್ಪು ಹಿಡಿದಿಡುವುದು, ಉಪ್ಪು ನಿಂತರೆ ಬಿಪಿ ಏರುತ್ತದೆ. ಇದು ಇಲಿಯ ಲೆಕ್ಕ, ಹೌದು. ಆದರೂ ರೊಟ್ಟಿಯ ಮಗ್ಗುಲಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಪ್ಪದ ನಮ್ಮ ಭಾಗದ ತಾಟಿಗೆ ಇದು ಹತ್ತಿರದ ಸುದ್ದಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪಿನೊಳಗೆ ಇರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಮ್ಮ ನಾಡಿನ ಬೊಜ್ಜಿನ ಕಥೆ ತಾಯಿಯ ಹೊಟ್ಟೆಯಿಂದಲೇ ಶುರುವಾಗುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅಲ್ಲಿಯ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳಿಗೆ ಹೋಲಿಸಿ ನೋಡಿದರು. ನಮ್ಮವು ತೂಕದಲ್ಲಿ ಬಹಳ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅದೇ ಪ್ರಮಾಣದಲ್ಲಿ ಇಳಿದಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಬೆನ್ನು ಹತ್ತಿ ಅಳೆದರು. ಬಸುರಿಯಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಒಂಬತ್ತೂವರೆ ವಯಸ್ಸಿಗೇ ಬೊಜ್ಜೂ ಹೆಚ್ಚು, ಮೇಲಿನ ಬಿಪಿಯೂ ಹೆಚ್ಚು. ಕರ್ನಾಟಕದ ಹೆಂಗಸರಲ್ಲಿ ತೂಕ ಮೀರಿದವರು 2015-16ರಲ್ಲಿ ಶೇಕಡಾ 23ರ ಸುಮಾರು ಇದ್ದರು, 2019-21ಕ್ಕೆ ಶೇಕಡಾ 30 ಮುಟ್ಟಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು.

ಲೆಪ್ಟಿನ್ ಪರೀಕ್ಷೆ ಮಾಡಿಸಲೇನ್ರೀ ಎಂದು ಕೇಳಬೇಡಿ, ಅದರ ಅಗತ್ಯವಿಲ್ಲ. ಟೇಪು ಸಾಕು: ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಬಿಪಿ ನೋಡಿಸಿಕೊಳ್ಳಬೇಕು. ತೂಕ ಇಳಿದರೆ ಲೆಪ್ಟಿನ್ನೂ ಇಳಿಯುತ್ತದೆ, ಬಿಪಿಯೂ ಸಾಮಾನ್ಯವಾಗಿ ತಗ್ಗುತ್ತದೆ. ಮುಟ್ಟು ನಿಂತ ತಾಯಂದಿರು ಬಿಪಿ ಪರೀಕ್ಷೆಯನ್ನು ಮುಂದೆ ಹಾಕಬಾರದು. ಊರ ಉಪಕೇಂದ್ರದಲ್ಲಿ ತೋಳಿಗೆ ಪಟ್ಟಿ ಕಟ್ಟುವಾಗ ಒಂದು ಗಮನಿಸಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ‘ಅಕ್ಕಾರ, ದೊಡ್ಡ ಪಟ್ಟಿ ಐತೇನ್ರಿ?’ ಎಂದು ಕೇಳಲು ನಾಚಿಕೆ ಬೇಡ.