ಸಿಸ್ಟರ್, ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು?

ನೀಲಗಿರಿಯ ಮಸಿನಗುಡಿ ದಾಟಿ ಕಾಡೊಳಗೆ ಸಾಗಿದರೆ ಮೋಯಾರ್ ಎಂಬ ಹಳ್ಳಿ ಸಿಗುತ್ತದೆ. ಆಳದ ಕಮರಿಯಲ್ಲಿ ಅದೇ ಹೆಸರಿನ ಹೊಳೆ, ಆಚೆ ದಡದಲ್ಲಿ ಬಂಡೀಪುರದ ಕಾಡು. ದಾರಿಯುದ್ದಕ್ಕೂ ಆನೆಗಳ ಓಡಾಟ. ಇಂಥ ಕಡೆ ಕತ್ತಲಾದ ಮೇಲೆ ಹೆರಿಗೆ ನೋವು ಬಂದರೆ ಮನೆಯವರು ಮೊದಲು ನೆನೆಯುವುದು ಹತ್ತಿರದ ನರ್ಸಮ್ಮನನ್ನು.

ಗುಡ್ಡಗಾಡಿನಲ್ಲೂ ಬುಡಕಟ್ಟು ಪ್ರದೇಶದಲ್ಲೂ 3,000 ಜನರಿಗೊಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ಸರ್ಕಾರದ ಲೆಕ್ಕ. ಅಲ್ಲಿ ದುಡಿಯುವವರಲ್ಲಿ ಎರಡು ವರ್ಷದ ಎಎನ್ಎಂ, ಅಂದರೆ ಸಹಾಯಕ ನರ್ಸ್-ಸೂಲಗಿತ್ತಿ, ಕೋರ್ಸ್ ಮಾಡಿದ ಹೆಣ್ಣುಮಕ್ಕಳಿದ್ದಾರೆ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಕೂಸಿಗೆ ಚುಚ್ಚುಮದ್ದು ಬಾಕಿ ಇದೆ ಎಂಬುದು ಅವರಿಗೆ ಬಾಯಿಪಾಠ. ಅಂಥವರಲ್ಲೊಬ್ಬಳು ಪೇಟೆಯ ಆಸ್ಪತ್ರೆಗೆ ಕೆಲಸ ಕೇಳಿಕೊಂಡು ಹೋದಾಗ ಮೇಜಿನ ಆಚೆಯಿಂದ ಪ್ರಶ್ನೆ ಬರುತ್ತದೆ: 'ಬಿಎಸ್ಸಿ ನರ್ಸಿಂಗ್ ಓದಿದವರು ಬೇಕಾದಷ್ಟು ಸಿಗುತ್ತಾರೆ. ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು?' ಆಕೆ ತಲೆ ತಗ್ಗಿಸಿ, 'ಸೇವೆ ಮಾಡೋ ಆಸೆ ಸಾರ್' ಅನ್ನುತ್ತಾಳೆ. ಮಾತು ಸುಳ್ಳಲ್ಲ, ಆದರೆ ಆಕೆಗೆ ಏನು ಬರುತ್ತದೆ ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ.

ಈ ಪ್ರಶ್ನೆಗೆ ಒಳ್ಳೆಯ ಉತ್ತರ ನೀಲಗಿರಿಯದೇ ಆದ ಗೂಡಲೂರಿನಲ್ಲಿದೆ. ಅಶ್ವಿನಿ ಸಂಸ್ಥೆ ನಡೆಸುವ ಅಲ್ಲಿನ ಆದಿವಾಸಿ ಆಸ್ಪತ್ರೆ 1990ರಲ್ಲಿ ಶುರುವಾಯಿತು. ಪಣಿಯ, ಬೆಟ್ಟಕುರುಬ, ಮುಳ್ಳುಕುರುಬ, ಕಾಟ್ಟುನಾಯ್ಕರ ಹಾಡಿಗಳ ಹೆಣ್ಣುಮಕ್ಕಳನ್ನೇ ಸಂಸ್ಥೆಯವರು ಕರೆತಂದು ಕೆಲಸ ಕಲಿಸಿದರು. ಹೆಚ್ಚು ಶಾಲೆ ಕಲಿಯದವರೂ ಅಲ್ಲಿ ವಾರ್ಡು ನೋಡಿಕೊಳ್ಳುವಷ್ಟು ಪಳಗಿದರು. ಆಸ್ಪತ್ರೆಯೆಂದರೆ ಅಂಜುತ್ತಿದ್ದವರಿಗೆ ತಮ್ಮ ಭಾಷೆ ಆಡುವ ಹುಡುಗಿಯೇ ಹಾಸಿಗೆಯ ಪಕ್ಕ ನಿಂತದ್ದು ಧೈರ್ಯ ಕೊಟ್ಟಿತು.

ಇಂಥ ನರ್ಸಮ್ಮ ಯಾಕೆ ಬೇಕು ಎಂಬುದಕ್ಕೆ ಒಂದು ಉದಾಹರಣೆ: ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಎಂಬ ರಕ್ತದ ತೊಂದರೆ ಇದೆಯೆಂದು 1952ರಲ್ಲೇ ವಿಜ್ಞಾನಿಗಳು ಗುರುತಿಸಿದ್ದರು. ಇದು ಹುಟ್ಟಿನಿಂದ ಬಂದು ಬದುಕಿನುದ್ದಕ್ಕೂ ಇರುವ ಕಾಯಿಲೆ. ನೀರು ಚೆನ್ನಾಗಿ ಕುಡಿಯಬೇಕು, ಚಳಿಗೆ ಮೈಯೊಡ್ಡಬಾರದು, ಜ್ವರ ಬಂದರೆ ತಡಮಾಡದೆ ಬರಬೇಕು. ಡಾಕ್ಟರು ಇದನ್ನು ಒಮ್ಮೆ ಹೇಳಿಯಾರು. ಮನೆಯವರಿಗೆ ಅದು ರೂಢಿಯಾಗುವ ತನಕ ಬಿಡದೆ ಹೇಳುವವರು ಬೇಕಲ್ಲವೆ? ಆ ಕೆಲಸ ನರ್ಸಮ್ಮನದು.

ಹಾಗಾದರೆ ಇಂಟರ್‌ವ್ಯೂನಲ್ಲಿ ಏನು ಹೇಳಬೇಕು? ಮಾಡಿದ ಒಂದು ಕೆಲಸವನ್ನು ಹೇಳಬೇಕು. 'ರಾತ್ರಿ ಪಾಳಿಯಲ್ಲಿ ಒಬ್ಬ ಬಾಣಂತಿಯ ನಾಡಿ ಏರುತ್ತಿತ್ತು, ಬಟ್ಟೆ ಬೇಗ ಬೇಗ ತೋಯುತ್ತಿತ್ತು. ಹೊಟ್ಟೆ ಮುಟ್ಟಿ ನೋಡಿದೆ, ಗರ್ಭಕೋಶ ಮೆತ್ತಗಿತ್ತು. ಉಜ್ಜುತ್ತಲೇ ಡಾಕ್ಟರನ್ನು ಕರೆಸಿದೆ, ಹೊತ್ತು ಬರೆದಿಟ್ಟೆ.' ಕಂಡದ್ದು, ಮಾಡಿದ್ದು, ತಿಳಿಸಿದ್ದು, ಬರೆದದ್ದು ಎಲ್ಲವೂ ಇದರಲ್ಲಿದೆ. ಜೊತೆಗೆ, 'ಇಲ್ಲಿಯವರೆಗೆ ನಾನು ಮಾಡಬಲ್ಲೆ, ಇದರಾಚೆ ಡಾಕ್ಟರು ಬೇಕು' ಎಂದು ಹೇಳಲು ನಾಚಬೇಕಿಲ್ಲ. ತನ್ನ ಎಲ್ಲೆ ತಿಳಿದವಳ ಕೈಯಲ್ಲಿ ರೋಗಿ ಸುರಕ್ಷಿತ.

ಹೆಚ್ಚು ಓದಿದವರ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ತೀವ್ರ ನಿಗಾ ಘಟಕಕ್ಕೆ, ಶಸ್ತ್ರಚಿಕಿತ್ಸೆಯ ಕೋಣೆಗೆ ಆ ಓದು ಬೇಕೇ ಬೇಕು. ಆದರೆ ರೋಗಿಯ ಮಗ್ಗುಲು ಬದಲಿಸಿ, ಬಾಯಿಗೆ ಗಂಜಿ ಇಟ್ಟು, 'ನಿನ್ನೆಗಿಂತ ಇವತ್ತು ಮಂಕಾಗಿದ್ದಾರೆ' ಎಂದು ಮೊದಲು ಗುರುತಿಸುವ ಕಣ್ಣೂ ಬೇಕು. ಎರಡೂ ಇದ್ದರೇ ಆಸ್ಪತ್ರೆ.

ಕೆಲಸ ಕೊಡುವವರಲ್ಲಿ ಒಂದು ವಿನಂತಿ. ಮುಂದಿನ ಸಲ ಎಎನ್ಎಂ ಓದಿದ ಹುಡುಗಿ ಎದುರು ಕೂತಾಗ, 'ಯಾಕೆ ಹೆಚ್ಚು ಓದಲಿಲ್ಲ?' ಎಂದು ಕೇಳುವ ಬದಲು, 'ನೀವು ನೋಡಿಕೊಂಡ ಒಬ್ಬ ರೋಗಿಯ ವಿಷಯ ಹೇಳಿ' ಅನ್ನಿ. ತಂಗಿಯರೇ, ನೀವೂ ತಲೆಯೆತ್ತಿ, ಅವಸರವಿಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿ.