ಒಂದು ಮೀಟರ್ ಚೀಟಿ ಬಟ್ಟೆ



ಯುಗಾದಿ ಮುಗಿಯಿತು, ಮನೆಮನೆಯ ಗುಡಿ ಇಳಿಯಿತು. ಬೇವು ಬೆಲ್ಲದ ರುಚಿ ನಾಲಿಗೆಯಿಂದ ಹೋಗುವ ಮೊದಲೇ ನಮ್ಮ ಸೋಲಾಪುರ, ಅಕ್ಕಲಕೋಟೆ, ಜತ್ತದ ಸೀಮೆಯಲ್ಲಿ ಬಿಸಿಲು ಏರಲು ಸುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಮದುವೆ, ಜಾವಳ, ಜಾತ್ರೆಗಳು ಬರುವುದೂ ಇದೇ ದಿನಗಳಲ್ಲಿ. ಮಕ್ಕಳಿಗೆ ಹೊಸ ಬಟ್ಟೆ ಬೇಕಾಗುವುದೂ ಆಗಲೇ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಆ ಹೊಸ ಬಟ್ಟೆಯ ಬಗ್ಗೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ಹಿರಿಯ ಮಗಳು ಏಳು ತಿಂಗಳ ಕೂಸಾಗಿದ್ದಾಗ ಮೇ ತಿಂಗಳಲ್ಲಿ ಮೈದುನನ ಮದುವೆ ಬಂತು. ಪೇಟೆಯಿಂದ ಜಾಳಿಗೆಯ ನೈಲಾನ್ ಫ್ರಾಕು ತಂದೆ. ಗುಲಾಬಿ ಬಣ್ಣ, ಮೂರು ಪದರ ಝಾಲರ್, ಎದೆಯ ಮೇಲೆ ಚಮಕಿ. ನೋಡಿದವರೆಲ್ಲ ಹೊಗಳಿದರು. ಮಧ್ಯಾಹ್ನದ ಹೊತ್ತಿಗೆ ಕೂಸು ಅಳಲು ಹತ್ತಿತು. ಹಸಿವೆ ಎಂದೆವು, ದೃಷ್ಟಿ ಎಂದೆವು, ಉಪ್ಪು ಮೆಣಸಿನಕಾಯಿ ನಿವಾಳಿಸಿದೆವು. ರಾತ್ರಿ ಫ್ರಾಕು ಬಿಚ್ಚಿದಾಗ ಕುತ್ತಿಗೆ, ಕಂಕುಳು, ಬೆನ್ನು ತುಂಬ ಕೆಂಪು ಬೆವರುಗುಳ್ಳೆ. ನನ್ನ ತಾಯಿ ಏನೂ ಅನ್ನಲಿಲ್ಲ. ಟ್ರಂಕಿನಿಂದ ತನ್ನ ಹಳೆಯ ಹೂವಿನ ಸೀರೆ ತೆಗೆದಳು. ಕಂದೀಲಿನ ಬೆಳಕಿನಲ್ಲಿ ಗೇಣು ಹಾಕಿ ಹರಿದು, ಬರಿಗೈಯಿಂದ ಹೊಲಿದು, ಕೋಳಿ ಕೂಗುವ ಮೊದಲೇ ಒಂದು ಝಬಲಾ ಸಿದ್ಧ ಮಾಡಿದಳು. ಅದನ್ನು ತೊಡಿಸಿದ ಮೇಲೆ ಕೂಸು ಕಣ್ಣು ಮುಚ್ಚಿತು. ಹೊಲಿಗೆ ಕಲಿಯಬೇಕೆಂದು ನನಗೆ ಅನ್ನಿಸಿದ್ದು ಆ ಬೆಳಗಿನ ಜಾವ.

ಇದರಲ್ಲಿ ಮಂತ್ರ ಮಾಟ ಏನೂ ಇಲ್ಲ. ಮೈಯ ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ಬೆವರು ಆರಬೇಕಾದರೆ ಬಟ್ಟೆ ಅದನ್ನು ಹೀರಬೇಕು, ನಡುವೆ ಗಾಳಿ ಆಡಬೇಕು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಪ್ರತಿಶತ ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರಿನದು ಅರ್ಧ ಪ್ರತಿಶತವೂ ಆಗುವುದಿಲ್ಲ. ಹತ್ತಿಯ ಸಡಿಲ ಅಂಗಿ ಕೂಸಿಗೂ ಸೈ, ಹೊಲದಲ್ಲಿ ಕಳೆ ತೆಗೆಯುವ ತಾಯಿಗೂ ಸೈ.

ಹೂಬಳ್ಳಿ ಅಚ್ಚಾದ ಹತ್ತಿ ಬಟ್ಟೆಗೆ ನಮ್ಮ ಹಿರಿಯರು ಚೀಟಿ ಎನ್ನುತ್ತಿದ್ದರು. ನೆರೆಮನೆಯ ಮರಾಠಿ ಅಕ್ಕನಿಗೆ ಅದು ಚೀಟ. ಇದೇ ಮಾತು ಹಡಗು ಹತ್ತಿ ಹೋಗಿ ಇಂಗ್ಲಿಷರ ಬಾಯಲ್ಲಿ ಚಿಂಟ್ಜ್ ಆಯಿತು. ನಮ್ಮ ನಾಡಿನ ಅಚ್ಚಿನ ಹತ್ತಿ ಅಲ್ಲಿ ಎಷ್ಟು ಖಪಾಯಿತೆಂದರೆ, ಅಲ್ಲಿಯ ನೇಕಾರರು ಗದ್ದಲ ಎಬ್ಬಿಸಿದರು. 1721ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಿನ ಹತ್ತಿ ಬಟ್ಟೆ ತೊಡುವುದನ್ನೇ ತಡೆಯುವ ಕಾಯ್ದೆ ಬಂತು. ಫ್ರಾನ್ಸಿನಲ್ಲಿ 1686ರಿಂದ 1759ರ ತನಕ ಇಂಥದೇ ನಿಷೇಧ ಇತ್ತು. ಬೇರೆಯವರು ಕಾಯ್ದೆ ಮಾಡಿ ತಡೆಯಬೇಕಾದಂಥ ಬಟ್ಟೆಯನ್ನು ನಾವು ಮಾತ್ರ ಹಳೆಯ ಕಾಲದ್ದು ಎಂದು ಬದಿಗಿಟ್ಟಿದ್ದೇವೆ.

ಇರಲಿ, ಈಗ ಅಂಗಡಿಗೆ ಹೋಗೋಣ. ಚೀಟಿ ಕೊಳ್ಳುವಾಗ ಮೂರು ಸಂಗತಿ ನೋಡಬೇಕು.

ಒಂದು, ಬಟ್ಟೆಯ ಹಿಂಬದಿ. ಸೋಲಾಪುರದ ಚಾದರ, ಗುಳೇದಗುಡ್ಡದ ಖಣ ಇವುಗಳ ಚಿತ್ತಾರ ನೇಯ್ಗೆಯಲ್ಲೇ ಬಂದದ್ದು. ಚೀಟಿಯದು ಮೇಲಿಂದ ಒತ್ತಿದ್ದು, ಆದ್ದರಿಂದ ಹಿಂಬದಿ ಸ್ವಲ್ಪ ಮಾಸಲಾಗಿರುತ್ತದೆ. ಅದು ದೋಷವಲ್ಲ. ಆದರೆ ಬಣ್ಣ ಮೇಲೆಯೇ ಪೊರೆಯಂತೆ ಕುಳಿತು, ಮುಟ್ಟಿದರೆ ಬಿರುಸಾಗಿದ್ದರೆ ಬಿಟ್ಟುಬಿಡಿ. ಆ ಪೊರೆ ಗಾಳಿಯನ್ನು ತಡೆಯುತ್ತದೆ.

ಎರಡು, ನೂಲು. ಅಂಚಿನಿಂದ ಒಂದೆರಡು ಎಳೆ ಕೇಳಿ ತನ್ನಿ. ಮನೆಯಲ್ಲಿ ಚಿಮಟದಿಂದ ಹಿಡಿದು ಸುಡಿರಿ. ಹತ್ತಿ ಕಾಗದದಂತೆ ಉರಿದು, ಕಾಗದದ ವಾಸನೆ ಬಂದು, ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಒಲೆಯ ಮುಂದೆ ಕೂಡುವವರು ಆ ಗುಂಡನ್ನು ನೆನಪಿನಲ್ಲಿಡಬೇಕು. ಬೆಂಕಿ ತಗಲಿದರೆ ಅಂಥ ಬಟ್ಟೆ ಕರಗಿ ಮೈಗೆ ಅಂಟುತ್ತದೆ.

ಮೂರು, ಬಣ್ಣ. ಬಿಳಿ ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಬೇರೆ ಬಟ್ಟೆ ಆರಿಸಿ, ಇಲ್ಲವೆ ನೀರು ತಿಳಿಯಾಗುವ ತನಕ ಅದೊಂದನ್ನೇ ಬೇರೆ ತೊಳೆಯಿರಿ.

ತಂದ ದಿನವೇ ಕತ್ತರಿ ಹಾಕಬೇಡಿ. ನಾನು ಹಾಕಿ ಕೆಟ್ಟಿದ್ದೇನೆ. ನಾನು ಹೊಲಿದ ಮೊದಲ ಪರಕರ ಮೊದಲ ಒಗೆತಕ್ಕೇ ಎರಡು ಇಂಚು ಮೇಲೇರಿತು. ತಂದ ಬಟ್ಟೆಯನ್ನು ತಾಸೊಂದು ತಾಸು ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿ. ಕುಗ್ಗುವುದೆಲ್ಲ ಕತ್ತರಿಸುವ ಮೊದಲೇ ಕುಗ್ಗಿ ಹೋಗಲಿ.

ಈಗ ನಾಲ್ಕೈದು ವರ್ಷದ ಹುಡುಗಿಗೆ ಒಂದು ಬೇಸಿಗೆ ಫ್ರಾಕು ಹೊಲಿಯೋಣ. ಕಾಗದ ಪೆನ್ಸಿಲು ಹತ್ತಿರ ಇದ್ದರೆ ಬರೆದುಕೊಳ್ಳಿ. ಇದಕ್ಕೆ ತೋಳಿಲ್ಲ, ಕಾಲರಿಲ್ಲ, ಗುಂಡಿಯಿಲ್ಲ, ಕಾಜಾ ಇಲ್ಲ. 44 ಇಂಚು ಪನ್ನದ ಬಟ್ಟೆ ಒಂದು ಮೀಟರ್ ಸಾಕು. ನೆನೆಸಿ ಒಣಗಿಸಿದ ಮೇಲೆ ಪನ್ನ ಸುಮಾರು 42 ಇಂಚು, ಉದ್ದ ಸುಮಾರು 37 ಇಂಚು ಉಳಿಯುತ್ತದೆ. ಟೇಪು ಇಲ್ಲದವರು ಗೇಣು ಹಾಕಿ. ದೊಡ್ಡವರ ಒಂದು ಗೇಣು ಸುಮಾರು 9 ಇಂಚು, ಎರಡು ಗೇಣಿಗೆ ಒಂದು ಮೊಳ.

ಮೊದಲು 27 ಇಂಚು ಉದ್ದಕ್ಕೆ ಅಡ್ಡ ಕತ್ತರಿಸಿ. ನೇರ ಬರಬೇಕಾದರೆ ಅಂಚಿನಲ್ಲಿ ಚೂರು ಕತ್ತರಿಸಿ ಒಂದು ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಬಟ್ಟೆಯಲ್ಲಿ ಗೆರೆ ಮೂಡುತ್ತದೆ, ಅದರ ಮೇಲೆಯೇ ಕತ್ತರಿ ನಡೆಸಿ. ಈ ತುಂಡಿನಲ್ಲಿ ಪಕ್ಕಪಕ್ಕಕ್ಕೆ 20 ಇಂಚು ಅಗಲದ ಎರಡು ಭಾಗ ಮಾಡಿ. ಒಂದು ಮುಂಭಾಗ, ಒಂದು ಬೆನ್ನು. ಎರಡರಲ್ಲೂ ಹೂವಿನ ಮುಖ ಮೇಲಕ್ಕೇ ಇರಲಿ. ಮತ್ತೊಮ್ಮೆ ಹೇಳುತ್ತೇನೆ: 20 ಇಂಚು ಅಗಲ, 27 ಇಂಚು ಉದ್ದ, ಎರಡು ತುಂಡು.

ಉಳಿದದ್ದು 10 ಇಂಚು ಅಗಲದ ಉದ್ದ ಪಟ್ಟಿ. ಅದರಲ್ಲಿ 2 ಇಂಚಿನ ಎರಡು ಪಟ್ಟಿ ಲಾಡಿಗೆ, ಒಂದೂವರೆ ಇಂಚಿನ ಒಂದು ಪಟ್ಟಿ ಕಂಕುಳಿನ ಅಂಚಿಗೆ. ಮಿಕ್ಕದ್ದನ್ನು ತೆಗೆದಿಡಿ, ಅದಕ್ಕೂ ಕೆಲಸವಿದೆ.

ಮುಂಭಾಗ, ಬೆನ್ನು ಎರಡನ್ನೂ ಒಂದರ ಮೇಲೊಂದು ಇಟ್ಟು ಉದ್ದಕ್ಕೆ ಮಡಿಸಿ. ತೆರೆದ ಬದಿಯ ಮೇಲಿನ ಮೂಲೆಯಿಂದ ಒಳಕ್ಕೆ 2 ಇಂಚು, ಕೆಳಕ್ಕೆ 5 ಇಂಚು ಗುರುತು ಹಾಕಿ, ಎರಡನ್ನೂ ಕೂಡಿಸಿ ಕುಡಗೋಲಿನ ಹಾಗೆ ಬಾಗಿಸಿ ಕತ್ತರಿಸಿ. ಇದೇ ಕಂಕುಳು. ಧೈರ್ಯವಿಲ್ಲದಿದ್ದರೆ ಮೊದಲು ಹಳೆಯ ಪತ್ರಿಕೆಯ ಮೇಲೆ ಕತ್ತರಿಸಿ ನೋಡಿ. ಕಾಗದ ಕೆಟ್ಟರೆ ಕೆಡಲಿ.

ಮುಂದೆ ಹೊಲಿಗೆ. ಚೆಂದದ ಬದಿ ಒಳಗೆ ಬರುವಂತೆ ಎರಡನ್ನೂ ಜೋಡಿಸಿ ಕಂಕುಳಿನಿಂದ ಕೆಳಗಿನ ತನಕ ಎರಡೂ ಬದಿ ಹೊಲಿಯಿರಿ. ಒಂದೂವರೆ ಇಂಚಿನ ಪಟ್ಟಿಯಿಂದ ಅಳತೆಗೆ ಬೇಕಾದಷ್ಟು ತೆಗೆದು ಕಂಕುಳಿನ ಬಾಗಿಗೆ ಗೋಟಿನಂತೆ ಕಟ್ಟಿ. ಮೇಲಿನ ಅಂಚನ್ನು ಕಾಲು ಇಂಚು ಮಡಿಸಿ, ಮತ್ತೆ ಒಂದು ಇಂಚು ಮಡಿಸಿ ಹೊಲಿದರೆ ಲಾಡಿ ಓಡಿಸುವ ನೇಫಾ ಆಯಿತು. ಮುಂದೊಂದು ನೇಫಾ, ಹಿಂದೊಂದು ನೇಫಾ. 2 ಇಂಚಿನ ಪಟ್ಟಿಗಳನ್ನು ನಾಲ್ಕು ಪದರ ಮಡಿಸಿ ಹೊಲಿದರೆ ಅರ್ಧ ಇಂಚಿನ ಲಾಡಿ. ಪಿನ್ನಿಗೆ ಸಿಕ್ಕಿಸಿ ಒಂದೊಂದನ್ನು ಒಂದೊಂದು ನೇಫಾದಲ್ಲಿ ಓಡಿಸಿ, ನೆರಿಗೆ ಮಾಡಿ, ಎರಡೂ ಹೆಗಲ ಮೇಲೆ ಗಂಟು ಹಾಕಿ. ಕೆಳಗೆ 2 ಇಂಚು ಮಡಿಸಿ ಹೊಲಿಯಿರಿ. ಮುಂದಿನ ವರ್ಷ ಹುಡುಗಿ ಬೆಳೆದಾಗ ಆ ಮಡಿಕೆ ಬಿಚ್ಚಿದರೆ ಮತ್ತೊಂದು ಬೇಸಿಗೆ ನಡೆಯುತ್ತದೆ.

ಒಂದು ಎಚ್ಚರಿಕೆ. ತೊಟ್ಟಿಲ ಕೂಸಿಗೆ ಕುತ್ತಿಗೆಯ ಹತ್ತಿರ ಉದ್ದ ಲಾಡಿ ಬೇಡ, ಸುತ್ತಿಕೊಂಡರೆ ಅಪಾಯ. ಕೂಸಿನ ಝಬಲಾಕ್ಕೆ ಗೇಣಿಗಿಂತ ಚಿಕ್ಕ ಕಸೆ ಇಟ್ಟು ಬಗಲಲ್ಲಿ ಕಟ್ಟಿ. ದೊಡ್ಡ ಮಕ್ಕಳಿಗೂ ಮಲಗುವಾಗ ಈ ಫ್ರಾಕು ತೆಗೆದುಬಿಡಿ.

ಮಷೀನು ಇಲ್ಲ ಎಂದು ಕೂಡಬೇಡಿ. ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಚುಚ್ಚಿ ಎರಡು ಹೆಜ್ಜೆ ಮುಂದೆ ತೆಗೆಯುತ್ತ ಹೋದರೆ ಕೈಹೊಲಿಗೆಯೂ ಗಟ್ಟಿ ಬರುತ್ತದೆ. ಮರಾಠಿಯಲ್ಲಿ ಧಾವದೋರಾ ಎನ್ನುವ ಬರೀ ಓಡುವ ಹೊಲಿಗೆ ನೆರಿಗೆ ಹಿಡಿಯಲು ಸಾಕು, ಬದಿಯ ಹೊಲಿಗೆಗೆ ಸಾಲದು. ಕೌದಿ ಹೊಲಿಯಬಲ್ಲ ಕೈಗೆ ಇದು ದೊಡ್ಡ ಮಾತಲ್ಲ.

ತೆಗೆದಿಟ್ಟ ಪಟ್ಟಿ ನಾಲ್ಕೂವರೆ ಇಂಚು ಅಗಲ ಇದೆಯಲ್ಲ? ಅದರಲ್ಲಿ ಫ್ರಾಕಿಗೊಂದು ಕಿಸೆ, ತಲೆಗೊಂದು ಪಟ್ಟಿ ಆಗುತ್ತದೆ. ಕೊನೆಗೆ ಉಳಿದ ಚೂರುಗಳನ್ನು ಹಳೆಯ ಅಸ್ತರದ ಮೇಲೆ ಜೋಡಿಸಿ ಹೊಲಿದರೆ ಅಜ್ಜಿಗೆ ಎಲೆ ಅಡಿಕೆಯ ಸಂಚಿ. ನಮ್ಮ ಸಂಚಿ ಅವರಿಗೆ ಚಂಚಿ. ಮತ್ತೊಂದು ಮೀಟರ್ ತಂದರೆ ಬಿಸಿಲಿಗೆ ತಲೆಗೆ ಕಟ್ಟುವ ರುಮಾಲು ಒಂದು, ಸಂತೆಗೆ ಒಯ್ಯುವ ಪಿಶವಿ ಒಂದು.

ಈ ಮಾತುಗಳನ್ನು ಗಮನಿಸಿದಿರಾ? ಅಸ್ತರ, ಕಾಜಾ, ನೇಫಾ, ಪಿಶವಿ ಎಲ್ಲ ಎರಡೂ ಭಾಷೆಯ ಅಂಗಡಿಯಲ್ಲಿ ನಡೆಯುತ್ತವೆ. ಅವರ ಶಿಂಪಿ ನಮ್ಮ ಸಿಂಪಿಗ. ಪಂಢರಪುರದ ವಿಠಲನನ್ನು ಹಾಡಿದ ಸಂತ ನಾಮದೇವರು ಆ ಮನೆತನದವರು. ಹನ್ನೆರಡನೆಯ ಶತಮಾನದ ನಮ್ಮ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು, ಸೂಜಿಯೇ ಅವರ ಕಾಯಕ. ಗಡಿಯ ಗೆರೆ ನಕ್ಷೆಯಲ್ಲಿ ಏನೇ ಇರಲಿ, ಸೂಜಿ ದಾರಕ್ಕೆ ಈ ಬದಿ ಆ ಬದಿ ಎರಡೂ ಬೇಕು. ಆದರೆ ಗೇಣು, ಮೊಳ, ನೆರಿಗೆ, ಕಸೆ ಎಂಬ ಮಾತುಗಳನ್ನು ಮಕ್ಕಳ ಕಿವಿಗೆ ಹಾಕುವವರು ನಾವೇ. ಶಾಲೆಯ ಪಾಠದಲ್ಲಿ ಅವು ಸಿಗಲಿಕ್ಕಿಲ್ಲ. ಹೊಲಿಯುತ್ತ ಕೂತಾಗ ಮಗಳನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ. ಮಗನಿದ್ದರೆ ಅವನನ್ನೂ ಕೂಡಿಸಿಕೊಳ್ಳಿ, ಸೂಜಿಗೆ ದಾರ ಪೋಣಿಸಲಿ.

ನನ್ನ ತಾಯಿ ಹೊಲಿದ ಆ ಝಬಲಾ ಈಗಲೂ ನನ್ನ ಟ್ರಂಕಿನಲ್ಲಿದೆ. ಹೊಲಿಗೆ ಸೊಟ್ಟ, ಒಂದು ಬದಿ ಅರ್ಧ ಇಂಚು ಉದ್ದ. ಮೂರು ಮಕ್ಕಳು ತೊಟ್ಟು ಬಿಟ್ಟ ಮೇಲೂ ಒಂದು ಎಳೆ ಬಿಚ್ಚಿಲ್ಲ. ನಿಮ್ಮ ಮೊದಲ ಫ್ರಾಕೂ ಸೊಟ್ಟವೇ ಬರಬಹುದು. ಬರಲಿ. ಅದನ್ನು ತೊಟ್ಟ ಮಗು ಮಧ್ಯಾಹ್ನ ಬೇವಿನ ನೆರಳಿನಲ್ಲಿ ಸುಖವಾಗಿ ಮಲಗಿದರೆ ನಿಮ್ಮ ಹೊಲಿಗೆ ಸರಿ ಇದೆ ಎಂದೇ ತಿಳಿಯಿರಿ.

ಈ ವಾರದ ಸಂತೆಯಲ್ಲಿ ಒಂದು ಮೀಟರ್ ಚೀಟಿ ತನ್ನಿ. ಬಂದ ಕೂಡಲೇ ನೀರಿಗೆ ಹಾಕಿ. ಉಳಿದದ್ದನ್ನು ನಿಮ್ಮ ಕೈಗಳೇ ಕಲಿಸುತ್ತವೆ.